ಕಾದಂಬರಿ ಮೇಲೋ, ಸಿನಿಮಾ ಮೇಲೋ ಎಂದು ಕೇಳುವವರಿಗೆ

ನಾನು ಕನ್ನಡ ಪಾಠ ಮಾಡುವವನು. ವರ್ಷಕ್ಕೆ ಒಂದೆರಡು ಬಾರಿ ತರಗತಿಯ ಕಿಟಕಿಗಳಿಗೆ ಹಳೆಯ ಜಮಖಾನ ಇಳಿಬಿಟ್ಟು ಕತ್ತಲು ಮಾಡಿ, ಪಠ್ಯದಲ್ಲಿ ಓದಿದ ಕಾದಂಬರಿಯ ಚಿತ್ರವನ್ನು ತೋರಿಸುತ್ತೇನೆ. ದೀಪ ಹಾಕುವಷ್ಟರಲ್ಲಿ ಯಾರಾದರೂ ಎದ್ದು ನಿಂತಿರುತ್ತಾರೆ: “ಸರ್, ಪುಸ್ತಕದಲ್ಲಿ ಇದ್ದದ್ದು ಸಿನಿಮಾದಲ್ಲಿ ಏಕೆ ಇಲ್ಲ?” ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತ ನೆಂಟರೂ ಇದನ್ನೇ ಇನ್ನೊಂದು ರೀತಿಯಲ್ಲಿ ಕೇಳುತ್ತಾರೆ: ಎರಡರಲ್ಲಿ ಯಾವುದು ಮೇಲು?

ಬಿಟ್ಟುಹೋದ ಪ್ರಸಂಗಗಳ ಲೆಕ್ಕ ಹಾಕುತ್ತಾ ಕುಳಿತರೆ ಉತ್ತರ ಸಿಗುವುದಿಲ್ಲ. ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ 1972ರಲ್ಲಿ ಒಂದು ‘ನಾಗರಹಾವು’ ಮಾಡಿದರು. ಮೂರು ಪುಸ್ತಕ ಒಂದು ಸಿನಿಮಾ ಆಗುವಾಗ ಬಹಳಷ್ಟು ಉದುರಲೇಬೇಕು. ನಾನು ವಿದ್ಯಾರ್ಥಿಗಳಿಗೆ ಕೇಳುವುದು ಇಷ್ಟೇ: ಓದುವಾಗ ನೀವು ಎಲ್ಲಿ ನಿಂತಿದ್ದಿರಿ, ನೋಡುವಾಗ ಎಲ್ಲಿ ನಿಂತಿದ್ದಿರಿ?

ಇದು ನನಗೆ ಹೊಳೆದದ್ದು ಒಬ್ಬ ಹುಡುಗಿಯ ದೂರಿನಿಂದ. ಅಂದು ‘ಸಂಸ್ಕಾರ’ ತೋರಿಸಿದ್ದೆ. ಅನಂತಮೂರ್ತಿಯವರ ಕಾದಂಬರಿ 1965ರದ್ದು. ಪಟ್ಟಾಭಿರಾಮ ರೆಡ್ಡಿಯವರ ಚಿತ್ರ 1970ರದ್ದು. ಆಚಾರ ಬಿಟ್ಟ ಬ್ರಾಹ್ಮಣ ನಾರಣಪ್ಪ ಸತ್ತಾಗ, ಅವನ ಸಂಸ್ಕಾರ ಯಾರು ಮಾಡಬೇಕೆಂದು ಅಗ್ರಹಾರದವರು ಕೇಳುವುದು ಪಂಡಿತರಾದ ಪ್ರಾಣೇಶಾಚಾರ್ಯರನ್ನು. “ಪ್ರಾಣೇಶಾಚಾರ್ಯರ ಮನಸ್ಸಿನಲ್ಲಿ ಏನಾಗುತ್ತಿದೆ ಎಂದು ಕೊನೆಯವರೆಗೂ ತಿಳಿಯಲೇ ಇಲ್ಲ ಸರ್” ಎಂದು ಅವಳು ಬೇಸರದಿಂದ ಹೇಳಿದಳು. ಅವಳ ಮಾತು ನಿಜ. ಕಾದಂಬರಿಯ ಕೊನೆಯ ಭಾಗದಲ್ಲಿ ಆಚಾರ್ಯರು ದಾರಿಯಲ್ಲಿ ಸಿಕ್ಕ ಪುಟ್ಟನ ಜೊತೆ ಮೇಳಿಗೆಯ ಜಾತ್ರೆಯಲ್ಲಿ ಅಲೆಯುತ್ತಾರೆ. ಗುರುತು ಹಿಡಿದಾರೆಂಬ ಭಯ, ಸೂತಕದಲ್ಲಿ ದೇವಸ್ಥಾನದ ಊಟಕ್ಕೆ ಕುಳಿತ ಅಳುಕು, ನಾರಣಪ್ಪನ ಜೊತೆಗಿದ್ದ ಚಂದ್ರಿಯನ್ನು ಕೂಡಿದ್ದು ತನ್ನ ಇಚ್ಛೆಯೋ ತಾನಾಗಿ ಆದದ್ದೋ ಎಂಬ ಕೊರೆತ, ಎಲ್ಲವೂ ಅವರ ತಲೆಯೊಳಗೇ ನಡೆಯುತ್ತದೆ. ಓದುಗರಾದ ನಾವೂ ಅಲ್ಲೇ ಇರುತ್ತೇವೆ. ಚಿತ್ರದಲ್ಲಿ ನಮಗೆ ಉಳಿಯುವುದು ಗಿರೀಶ ಕಾರ್ನಾಡರ ಮುಖ, ಬೆಟ್ಟದ ಸಾಲು ಮತ್ತು ಆಸ್ಟ್ರೇಲಿಯಾದ ಟಾಮ್ ಕೋವನ್ ಹಿಡಿದ ಕಪ್ಪು ಬಿಳುಪಿನ ಬೆಳಕು. ಮುಖವನ್ನು ನೋಡಿ ಊಹಿಸಬೇಕು. ಅಂದರೆ ನಾವು ಆಚಾರ್ಯರ ಒಳಗಿನಿಂದ ಹೊರಬಿದ್ದು, ಅಗ್ರಹಾರದ ಜಗಲಿಯ ಮೇಲೆ ಕುಳಿತು ಅವರನ್ನು ನೋಡುವ ಹತ್ತು ಜನರಲ್ಲಿ ಒಬ್ಬರಾಗುತ್ತೇವೆ. ಅವರು ತೀರ್ಪು ಹೇಳಲಿ ಎಂದು ಕಾಯುವವರು, ತಡವಾದರೆ ಗೊಣಗುವವರು ಈಗ ನಾವೇ. ಆ ಹುಡುಗಿ ಕೊರತೆ ಎಂದದ್ದು ನನ್ನ ಕಣ್ಣಿಗೆ ಚಿತ್ರದ ದೊಡ್ಡ ಕೆಲಸವಾಗಿ ಕಂಡಿತು.

ಹಾಗೆಂದು ನಷ್ಟವೇ ಇಲ್ಲ ಎನ್ನಲಾರೆ. ‘ಸಂಸ್ಕಾರ’ ಮೂಗಿಗೆ ಬಡಿಯುವ ಪುಸ್ತಕ. ನಾರಣಪ್ಪನ ಹೆಣ ಸಂಸ್ಕಾರವಿಲ್ಲದೆ ಬಿದ್ದಿದೆ, ಇಲಿಗಳು ಅಂಗಳದಲ್ಲಿ ಸಾಯುತ್ತಿವೆ, ಹೆಣವೆದ್ದ ಹೊರತು ಒಲೆ ಹೊತ್ತಿಸುವಂತಿಲ್ಲ. ನಾತ ಮತ್ತು ಹಸಿವು ಒಂದಕ್ಕೊಂದು ಹೆಣೆದುಕೊಂಡು ಪುಟದಿಂದ ಪುಟಕ್ಕೆ ಏರುತ್ತವೆ. ಆ ಹಸಿವಿನಿಂದಲೇ ಕಾಡಿನ ಕತ್ತಲಲ್ಲಿ ಆಚಾರ್ಯರ ಬಾಯಿಂದ ‘ಅಮ್ಮಾ’ ಎಂಬ ಕೂಗು ಹೊರಡುವುದು, ಚಂದ್ರಿ ಮಡಿಲಿನ ಬಾಳೆಹಣ್ಣು ಸುಲಿದು ತಿನ್ನಿಸುವುದು. ಹದ್ದು ಮಾಡಿನ ಮೇಲೆ ಕುಳಿತದ್ದನ್ನು ಪರದೆ ತೋರಿಸಬಲ್ಲದು, ನಾತವನ್ನು ತರಲಾರದು.

‘ಚೋಮನ ದುಡಿ’ಯಲ್ಲಿ ಎಲ್ಲವೂ ತಿರುಗುಮುರುಗು. ಶಿವರಾಮ ಕಾರಂತರ 1933ರ ಈ ಕಾದಂಬರಿಯ ಚೋಮ ಒಂದು ತುಂಡು ಭೂಮಿಯನ್ನು ತಾನೇ ಉತ್ತು ಬೇಸಾಯ ಮಾಡಬೇಕೆಂದು ಹಂಬಲಿಸುವ ದಲಿತ. ಎತ್ತುಗಳಿವೆ, ನೆಲವಿಲ್ಲ, ಅವನ ಜಾತಿಗೆ ನೆಲ ಕೊಡುವ ಪದ್ಧತಿಯೇ ಇಲ್ಲ. ಕಾರಂತರು ಅವನ ಬಗ್ಗೆ ಅಪಾರ ಮರುಕದಿಂದ ಬರೆದಿದ್ದಾರೆ, ಆದರೆ ಮಾತು ಅವರದು. ಅವನ ದುಃಖವನ್ನು ನಮಗೆ ವಿವರಿಸುವವರೂ ಅವರೇ. ‘ದುಡಿ ಬಾರಿಸಿದ’ ಎಂದು ಓದುತ್ತೇವೆ, ಆ ಚರ್ಮವಾದ್ಯದ ಸದ್ದು ಅಕ್ಷರವಾಗಿಯೇ ಉಳಿಯುತ್ತದೆ. ಬಿ.ವಿ. ಕಾರಂತರು ರಂಗಸಂಗೀತದಲ್ಲಿ ಮುಳುಗೆದ್ದವರು. 1975ರಲ್ಲಿ ಅವರು ಇದನ್ನು ಚಿತ್ರ ಮಾಡಿದಾಗ ವಿವರಿಸುವ ಧ್ವನಿ ಹಿಂದೆ ಸರಿದು, ದುಡಿ ಮುಂದೆ ಬಂತು. ವಾಸುದೇವ ರಾವ್ ಅವರ ಚೋಮ ಹೆಚ್ಚು ಮಾತನಾಡುವುದಿಲ್ಲ. ಸಾಲ, ಮಕ್ಕಳ ಸಾವು, ಮಗಳು ಬೆಳ್ಳಿಯ ಗತಿ, ಇವೆಲ್ಲಕ್ಕೂ ಅವನ ಉತ್ತರ ಆ ಚರ್ಮದ ಮೇಲೆ ಬೀಳುವ ಬೆರಳುಗಳಲ್ಲಿದೆ. ಪುಸ್ತಕದಲ್ಲಿ ಅವನನ್ನು ದೂರದಿಂದ ಕಂಡು ಕನಿಕರಪಟ್ಟ ನಾನು ಚಿತ್ರದಲ್ಲಿ ಅವನ ಗುಡಿಸಲೊಳಗೆ ಇದ್ದೆ. ಆ ಪಾತ್ರಕ್ಕೆ ರಾವ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು, ಚಿತ್ರಕ್ಕೆ ಸ್ವರ್ಣಕಮಲ ಬಂತು; ನನಗೆ ಮಾತ್ರ ಮೊದಲು ನೆನಪಾಗುವುದು ಆ ಸದ್ದು.

‘ಬದಲಾಯಿಸಿ ಕೆಡಿಸಿದರು’ ಎಂದು ಸಿಟ್ಟಾಗುವವರಿಗೆ ನಾನು ‘ಗುಲಾಬಿ ಟಾಕೀಸ್’ ನೋಡಲು ಹೇಳುತ್ತೇನೆ. ವೈದೇಹಿಯವರ ಕಥೆಯಲ್ಲಿ ಊರಿಗೆ ಟಾಕೀಸು ಬರುತ್ತದೆ. ಗಿರೀಶ ಕಾಸರವಳ್ಳಿಯವರ 2008ರ ಚಿತ್ರದಲ್ಲಿ ಮೀನುಗಾರರ ಕೇರಿಗೆ, ಮುಸ್ಲಿಂ ಸೂಲಗಿತ್ತಿಯೊಬ್ಬಳ ಗುಡಿಸಲಿಗೆ, ಬಣ್ಣದ ಟಿವಿ ಬರುತ್ತದೆ. ಕಾಲ ಕಾರ್ಗಿಲ್ ಯುದ್ಧದ್ದು. ಕಾಲವೂ ಕೇರಿಯೂ ಬದಲಾಗಿವೆ. ಆದರೆ ತೆರೆಯ ಮೇಲಿನ ಬೊಂಬೆಗಳನ್ನು ನೋಡಲು ಹೆಂಗಸರು ಮನೆಯ ಹೊಸ್ತಿಲು ದಾಟಿ ಒಂದೆಡೆ ಸೇರುವ ಆ ಸಡಗರ ಕಥೆಯದ್ದೇ.

ಯಾವುದನ್ನು ಮೊದಲು ಎಂದು ಕೇಳಿದರೆ ಈಗ ನಾನು ಹೀಗೆ ಹೇಳುತ್ತೇನೆ. ‘ಸಂಸ್ಕಾರ’ವನ್ನು ಮೊದಲು ಓದಿ, ಆಚಾರ್ಯರ ಒಳಗೆ ಒಮ್ಮೆ ಇದ್ದುಬಂದವರಿಗೇ ಹೊರಗೆ ನಿಲ್ಲುವುದರ ಅರ್ಥ ತಿಳಿಯುತ್ತದೆ. ‘ಚೋಮನ ದುಡಿ’ಯನ್ನು ಮೊದಲು ನೋಡಿ. ನೋಡಿದ ಮೇಲೆ ಪುಸ್ತಕ ತೆರೆದರೆ, ಕಾರಂತರು ‘ದುಡಿ’ ಎಂದು ಬರೆದಲ್ಲೆಲ್ಲ ಅದು ಕಿವಿಗೆ ಕೇಳಿಸುತ್ತದೆ.