ದೊಡ್ಡಮ್ಮ ಸಾಲಿನಲ್ಲಿ ನಿಂತ ದಿನ

ಮೊನ್ನೆ ಪವಿತ್ರ ಕುಟುಂಬದ ಹಬ್ಬ. ಪ್ರಸಂಗ ಮುಗಿದ ಮೇಲೆ ಫಾದರ್, ಮದುವೆಯಾದವರೆಲ್ಲ ಎದ್ದು ನಿಂತು, ಕೈ ಕೈ ಹಿಡಿದು, ಮದುವೆಯ ದಿನ ಕೊಟ್ಟ ಮಾತನ್ನು ಇನ್ನೊಮ್ಮೆ ಹೇಳಿ ಅಂದರು. ನಾನೂ ಇವರೂ ಎದ್ದೆವು. ಸುಖದಲ್ಲೂ ದುಃಖದಲ್ಲೂ, ಆರೋಗ್ಯದಲ್ಲೂ ಕಾಯಿಲೆಯಲ್ಲೂ, ಬದುಕಿರುವಷ್ಟು ದಿನ. ಇವರ ದನಿಯ ಜೊತೆಗೆ ಪಕ್ಕದಿಂದ ಇನ್ನೊಂದು ದನಿ ಕೇಳಿಸಿತು. ತುಂಬ ಸಣ್ಣ ದನಿ. ತಿರುಗಿ ನೋಡಿದರೆ ದೊಡ್ಡಮ್ಮ. ಅವರು ಎದ್ದಿರಲಿಲ್ಲ. ಬೆಂಚಿನಲ್ಲಿ ಕೂತು, ತಮ್ಮ ಎಡಗೈಯನ್ನು ತಮ್ಮ ಬಲಗೈಯಿಂದಲೇ ಹಿಡಿದುಕೊಂಡು, ಅದೇ ಮಾತುಗಳನ್ನು ಹೇಳುತ್ತಿದ್ದರು.

ಅವತ್ತು ಯಾವ ಹಾಡು ಹಾಡಿದರು, ವಾಚನ ಯಾರು ಓದಿದರು, ಒಂದೂ ನೆನಪಿಲ್ಲ. ಆ ಒಣ ತುಟಿಗಳು ತಾಗಿ ಬಿಡುವ ಸದ್ದು ಮಾತ್ರ ಇನ್ನೂ ಕಿವಿಯಲ್ಲಿದೆ.

ದೊಡ್ಡಮ್ಮ ಹೊಡೆತ ತಡೆಯಲಾಗದೆ ಗಂಡನ ಮನೆ ಬಿಟ್ಟು ಬಂದವರು. ಆಮೇಲೆ ಕೋರ್ಟಿನಲ್ಲಿ ಡೈವೋರ್ಸೂ ಆಯಿತು. ಇನ್ನೊಂದು ಮದುವೆ ಆಗಲಿಲ್ಲ. ಆ ದಿನಗಳಲ್ಲಿ ಯಾರೋ ಹಿರಿಯರು, ಡೈವೋರ್ಸ್ ಆದವರು ಪರಮಪ್ರಸಾದ (ಪೂಜೆಯಲ್ಲಿ ಕ್ರಿಸ್ತರ ಶರೀರವೆಂದು ಕೊಡುವ ರೊಟ್ಟಿ) ತಗೊಳ್ಳೋ ಹಾಗಿಲ್ಲ ಅಂದುಬಿಟ್ಟರಂತೆ. ಅದೊಂದು ಮಾತು ಸಾಕಾಯಿತು. ಅಲ್ಲಿಂದ ಇಲ್ಲಿಯವರೆಗೆ ಒಂದು ಭಾನುವಾರವೂ ಪೂಜೆ ತಪ್ಪಿಸಿದವರಲ್ಲ, ಆದರೆ ಪ್ರಸಾದದ ಹೊತ್ತಿಗೆ ಮೊಣಕಾಲು ಪಕ್ಕಕ್ಕೆ ಸರಿಸಿ ನಮಗೆಲ್ಲ ದಾರಿ ಬಿಟ್ಟು, ತಾವು ಅಲ್ಲೇ ಕೂತಿರುತ್ತಿದ್ದರು. ನಾನೂ ಆ ಮೊಣಕಾಲು ದಾಟಿಕೊಂಡೇ ಎಷ್ಟೋ ವರ್ಷ ಹೋಗಿದ್ದೇನೆ. ಯಾಕೆ ಬರಲ್ಲ ದೊಡ್ಡಮ್ಮ ಅಂತ ಒಂದು ಸಲ ಕೇಳಲಿಲ್ಲ. ಅದು ನನ್ನ ತಪ್ಪು, ಇನ್ಯಾರದ್ದೂ ಅಲ್ಲ.

ಬೈಬಲಿನಲ್ಲಿ ಮತ್ತಾಯನ ಸುವಾರ್ತೆಯ 19ನೇ ಅಧ್ಯಾಯ ನಮಗೆಲ್ಲ ಬಾಯಿಪಾಠ. ದೇವರು ಕೂಡಿಸಿದ್ದನ್ನು ಮನುಷ್ಯ ಬೇರೆ ಮಾಡಬಾರದು. ಆದರೆ ಯೇಸುಸ್ವಾಮಿ ಅದನ್ನು ಯಾರಿಗೆ ಹೇಳಿದರು ಅಂತ ಯೋಚಿಸಿದ್ದೀವಾ? ಕೇಳಿದವರು ಫರಿಸಾಯರು, ಅಂದರೆ ಧರ್ಮಶಾಸ್ತ್ರ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಯೆಹೂದ್ಯರ ಒಂದು ಪಂಥದವರು, ಗಂಡಸರು. ಯಾವ ಕಾರಣಕ್ಕಾದರೂ ಹೆಂಡತಿಯನ್ನು ಬಿಡಬಹುದೇ ಅನ್ನೋದು ಅವರ ಪ್ರಶ್ನೆ. ಆ ಕಾಲದಲ್ಲಿ ಯೆಹೂದ್ಯರಿಗೆ ಶಮ್ಮಾಯ್, ಹಿಲ್ಲೇಲ್ ಅಂತ ಇಬ್ಬರು ದೊಡ್ಡ ಗುರುಗಳ ಕಡೆಯವರಿದ್ದರು. ಶಮ್ಮಾಯ್ ಕಡೆಯವರು ನಡತೆ ಕೆಟ್ಟಿದ್ದರೆ ಮಾತ್ರ ಅನ್ನುತ್ತಿದ್ದರು, ಹಿಲ್ಲೇಲ್ ಕಡೆಯವರು ಅಡುಗೆ ಕೆಡಿಸಿದರೂ ಸಾಕು ಅನ್ನುತ್ತಿದ್ದರು. ಗಂಡ ಒಂದು ತ್ಯಾಗಪತ್ರ ಬರೆದು ಕೈಗೆ ಕೊಟ್ಟರೆ ಮುಗಿಯಿತು, ಅವಳು ಬೀದಿಗೆ. ಸ್ವಾಮಿ ಆ ಎರಡು ಕಡೆಯವರನ್ನೂ ಬಿಟ್ಟು, ಸೃಷ್ಟಿಯ ಕಥೆ ಇರುವ ಬೈಬಲಿನ ಮೊದಲ ಪುಸ್ತಕ ಆದಿಕಾಂಡಕ್ಕೇ ಹೋದರು. ನಿಮ್ಮ ಮನಸ್ಸು ಕಲ್ಲಾಗಿದ್ದರಿಂದ ಧರ್ಮಶಾಸ್ತ್ರ ಕೊಟ್ಟ ಮೋಶೆ ಹಾಗೆ ಬಿಟ್ಟುಕೊಟ್ಟ, ಮೊದಲಿಂದ ಹಾಗಿರಲಿಲ್ಲ ಅಂದರು. ಬೀದಿಗೆ ಬೀಳುವವಳ ಪರವಾಗಿ ಆಡಿದ ಮಾತು ಅದು. ಅದನ್ನೇ ಹಿಡಿದು, ಏಟು ತಿಂದು ಬಂದವಳಿಗೆ ವಾಪಸ್ ಹೋಗು ಅಂತ ಹೇಳುತ್ತೇವಲ್ಲ, ನನಗೆ ಹೊಟ್ಟೆ ಉರಿಯುತ್ತದೆ. ಕೈ ಎತ್ತಿದ ದಿನವೇ ಮಾತು ಮುರಿದವರು ಯಾರು? ಮಲಾಕಿಯ ಪ್ರವಾದಿ ಹೇಳುತ್ತಾನೆ, ನಿನಗೂ ನಿನ್ನ ಯೌವನದ ಹೆಂಡತಿಗೂ ನಡುವೆ ದೇವರೇ ಸಾಕ್ಷಿ, ಅವಳಿಗೆ ದ್ರೋಹ ಮಾಡಬೇಡ ಅಂತ. ಆ ಸಾಕ್ಷಿ ಹೊಡೆತವನ್ನೂ ನೋಡಿದ್ದಾನೆ ಅಲ್ವಾ.

ನಮ್ಮ ಕಥೋಲಿಕ ಸಭೆ ಮದುವೆಯ ಬಂಧ ಸಾವಿನವರೆಗೆ ಅನ್ನುತ್ತದೆ, ನಾನೂ ಅದನ್ನು ಮನಸಾರೆ ನಂಬುತ್ತೇನೆ. ಆದರೆ ಜೀವಕ್ಕೆ ಅಪಾಯವಿದ್ದಾಗ ಬೇರೆ ಇರಬಹುದು ಅಂತಲೂ ಸಭೆಯ ಕಾನೂನಿನಲ್ಲೇ ಇದೆ. ಡೈವೋರ್ಸ್ ಆಗಿ ಇನ್ನೊಂದು ಮದುವೆ ಆಗದೆ ಇರುವವರಿಗೆ ಪರಮಪ್ರಸಾದದಂಥ ಸಂಸ್ಕಾರಗಳಿಗೆ ಯಾವ ಅಡ್ಡಿಯೂ ಇಲ್ಲ ಅಂತ 1981ರಲ್ಲೇ ಪೋಪ್ ಎರಡನೇ ಜಾನ್ ಪಾಲ್ ಕುಟುಂಬದ ಬಗ್ಗೆ ಬರೆದ ಪತ್ರದಲ್ಲಿ ಹೇಳಿದ್ದಾರೆ. (ಮತ್ತೆ ಮದುವೆಯಾಗುವ ವಿಷಯ ಬೇರೆ. ಅದರಲ್ಲಿ ಆರ್ಥೊಡಾಕ್ಸ್ ಸಭೆಯ ದಾರಿ ಒಂದು, ಪ್ರೊಟೆಸ್ಟೆಂಟ್ ಸಭೆಗಳ ದಾರಿ ಇನ್ನೊಂದು.) ಮೊನ್ನೆ ಫಾದರ್ ಇದನ್ನೇ ನಿಧಾನವಾಗಿ, ಎರಡೆರಡು ಸಲ ಹೇಳಿದರು. ದೊಡ್ಡಮ್ಮ ಕತ್ತೆತ್ತಿ ಕೇಳುತ್ತಿದ್ದರು.

ಇನ್ನೊಂದು ಸಂಗತಿ ನಾವು ಮರೆತೇಬಿಡುತ್ತೇವೆ. ಮದುವೆಯ ಸಂಸ್ಕಾರವನ್ನು ಒಬ್ಬರಿಗೊಬ್ಬರು ಕೊಡುವವರು ಗಂಡು ಹೆಣ್ಣೇ. ಗುರುಗಳು ಸಭೆಯ ಪರವಾಗಿ ನಿಂತ ಸಾಕ್ಷಿ. ಅವರ ಜೊತೆ ಕನಿಷ್ಠ ಇಬ್ಬರು ಸಾಕ್ಷಿಗಳು ಇರಲೇಬೇಕು ಅಂತ 1563ರಲ್ಲಿ ಟ್ರೆಂಟ್ ಊರಿನಲ್ಲಿ ಸೇರಿದ ಧರ್ಮಾಧ್ಯಕ್ಷರ ಮಹಾಸಭೆ ನಿಯಮ ಮಾಡಿತು. ಹಾಗಾದರೆ ಬೆಂಚಿನಲ್ಲಿ ಕೂತ ನಮಗೂ ಒಂದು ಜವಾಬ್ದಾರಿ ಇದೆ ಅಲ್ವಾ? ಈಗ ಮಾತು ಕೊಡುವ ಹೊತ್ತಿಗೆ ನಮ್ಮೆಲ್ಲರ ಕೈಯಲ್ಲಿ ಮೊಬೈಲ್. ವೀಡಿಯೊ ಸಿಗುತ್ತದೆ, ಮಾತು ಕಿವಿಗೆ ಬೀಳುವುದಿಲ್ಲ. ಆ ಮನೆಯಲ್ಲಿ ಬಿರುಕು ಬಂದಾಗ, ನಿಮಗೋಸ್ಕರ ಪ್ರಾರ್ಥಿಸ್ತೀನಿ ಅಂದು ಸುಮ್ನೆ ಬಂದುಬಿಡುತ್ತೇವೆ. ಅದೂ ಕೊಟ್ಟ ಮಾತೇ. ಹೌದೆಂದರೆ ಹೌದಾಗಿರಲಿ ಅಂದ ಸ್ವಾಮಿಯ ಮುಂದೆ ನಾನು ಹಾಗೆ ಮುರಿದ ಮಾತು ಎಷ್ಟಿದೆಯೋ.

ಮನೆಗೆ ಬಂದ ಮೇಲೆ ಕೇಳಿದೆ, ಯಾಕೆ ದೊಡ್ಡಮ್ಮ ನೀವೂ ಹೇಳಿದ್ರಿ ಅಂತ. "ನಾನು ಮಾತು ಕೊಟ್ಟಿದ್ದು ಅವರೊಬ್ಬರಿಗೇನಾ? ದೇವರಿಗೂ ಅಲ್ವಾ. ದೇವರು ಬಿಟ್ಟು ಹೋಗಿಲ್ಲ ನೋಡು" ಅಂದರು. ಎಲ್ಲರೂ ದೊಡ್ಡಮ್ಮನ ಹಾಗೇ ಇರಬೇಕು ಅಂತ ನಾನು ಹೇಳುತ್ತಿಲ್ಲ. ಅದನ್ನು ಇನ್ನೊಬ್ಬರ ಮೇಲೆ ಹೇರುವ ಹಕ್ಕು ಯಾರಿಗೂ ಇಲ್ಲ. ಆದರೆ ಅವರು ಹಾಗೆ ಅಂದಾಗ ನನಗೆ ಬಾಯೇ ಬರಲಿಲ್ಲ.

ಅವತ್ತು ಪ್ರಸಾದದ ಹೊತ್ತಿಗೆ ನಾನು ಎದ್ದಾಗ ದೊಡ್ಡಮ್ಮ ಮೊಣಕಾಲು ಸರಿಸಲಿಲ್ಲ. ಮುಂದಿನ ಬೆಂಚು ಹಿಡಿದು ಎದ್ದರು. ಸೆರಗು ತಲೆ ಮೇಲೆ ಎಳೆದುಕೊಂಡರು. ಸಾಲಿನಲ್ಲಿ ನನ್ನ ಮುಂದೆಯೇ ನಡೆದರು. ನಾವೆಲ್ಲ ಈಗ ಅಂಗೈಯಲ್ಲಿ ತೆಗೆದುಕೊಳ್ಳುತ್ತೇವೆ. ಅವರಿಗೆ ಹಳೆಯ ಅಭ್ಯಾಸ. ಕೈ ಜೋಡಿಸಿ, ಕಣ್ಣು ಮುಚ್ಚಿ, ಚಿಕ್ಕ ಹುಡುಗಿಯ ಹಾಗೆ ನಾಲಿಗೆ ಚಾಚಿದರು. ಕ್ರಿಸ್ತರ ಶರೀರ, ಅಂದರು ಫಾದರ್. ದೊಡ್ಡಮ್ಮನ ಆಮೆನ್ ಹಿಂದೆ ನಿಂತ ನನಗೆ ಚೆನ್ನಾಗಿ ಕೇಳಿಸಿತು.