ಟಿಸಿ ಉಲ್ಟಾ ಕೆಲಸ ಮಾಡಿದರೆ
ಟ್ರಾನ್ಸ್‌ಫಾರ್ಮರ್‌ಗೆ ಹಿಂದೆ ಮುಂದೆ ಅನ್ನೋದೇ ಇಲ್ಲ. 230 ವೋಲ್ಟನ್ನು 12ಕ್ಕೆ ಇಳಿಸುವ ಪುಟ್ಟ ಟ್ರಾನ್ಸ್‌ಫಾರ್ಮರ್‌ನ 12ರ ಕಡೆಗೆ 12 ವೋಲ್ಟ್ ಎಸಿ (ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್) ಕೊಟ್ಟರೆ 230ರ ಕಡೆ ವೋಲ್ಟೇಜ್ ಏರುತ್ತದೆ. ಪೂರ್ತಿ 230 ಬರಲ್ಲ, ಯಾಕಂದ್ರೆ ಲೋಡ್ ಬಿದ್ದಾಗ ವೋಲ್ಟೇಜ್ ಕುಸಿಯಬಾರದು ಅಂತ ತಯಾರಿಸುವವರೇ 12ರ ಕಡೆ ತಂತಿಯನ್ನು ಕೆಲವು ಸುತ್ತು ಜಾಸ್ತಿ ಸುತ್ತಿರುತ್ತಾರೆ. ಕಡಿಮೆ ಬಂತು ಅಂತ 12ರ ಜಾಗಕ್ಕೆ 20 ಕೊಡಬೇಡಿ, ಒಳಗಿನ ಕಬ್ಬಿಣದ ಕೋರ್ ತಾಳದೆ ಕಾಯಿಲ್ ಬಿಸಿಯಾಗಿ ಸುಡುತ್ತದೆ. ಬ್ಯಾಟರಿಯ ಡಿಸಿ (ಒಂದೇ ದಿಕ್ಕಿನ ಕರೆಂಟ್) ನೇರವಾಗಿ ಕೊಟ್ಟರಂತೂ ಏನೂ ಏರಲ್ಲ.

ನನಗೆ ನಿಜವಾದ ಭಯ ಇರೋದು ಊರಿನ ಟಿಸಿ, ಅಂದ್ರೆ ಕಂಬದ ಮೇಲಿನ ದೊಡ್ಡ ಟ್ರಾನ್ಸ್‌ಫಾರ್ಮರ್ ಬಗ್ಗೆ. ಅದು 11,000 ವೋಲ್ಟನ್ನು 433ಕ್ಕೆ ಇಳಿಸುತ್ತದೆ (433 ಅನ್ನೋದು ಎರಡು ಫೇಸ್‌ಗಳ ನಡುವೆ, ಮನೆಗೆ ಬರುವ 230 ಒಂದೇ ಫೇಸ್‌ನದು). ಕರೆಂಟ್ ಹೋದಾಗ ಕೆಲವರು ಜನರೇಟರ್ ವೈರನ್ನು ಸುಮ್ನೆ ಗೋಡೆಯ ಸಾಕೆಟ್‌ಗೆ ಚುಚ್ಚುತ್ತಾರೆ, ಮೇನ್ ಸ್ವಿಚ್ ಆಫ್ ಮಾಡೋದೇ ಮರೆಯುತ್ತಾರೆ. ಆಗ ಮನೆಯ 230 ವೋಲ್ಟ್ ಸರ್ವಿಸ್ ವೈರ್ ಹಿಡಿದು ಕಂಬಕ್ಕೆ, ಅಲ್ಲಿಂದ ಟಿಸಿಗೆ ಹೋಗಿ, ಮೇಲಿನ ಲೈನಲ್ಲಿ ಹತ್ತಿರತ್ತಿರ 10,000 ವೋಲ್ಟ್ ಆಗಬಹುದು. ಲೈನ್ ಆಫ್ ಆಗಿದೆ ಅಂತ ನಂಬಿ ಕಂಬ ಹತ್ತಿದ ಲೈನ್‌ಮನ್ ಕೈ ಇಡೋದು ಅದೇ ತಂತಿಯ ಮೇಲೆ!

ಅಕ್ಕಪಕ್ಕದ ಮನೆಗಳ ಲೋಡ್ ತಾಳದೆ ಜನರೇಟರ್ ನಿಂತುಬಿಡುತ್ತೆ ಅಂತಾರೆ ಕೆಲವರು. ನಿಲ್ಲಬಹುದು, ಆದರೆ ಮಧ್ಯೆ ಎಲ್ಲೋ ತಂತಿ ತುಂಡಾಗಿ ಆ ಮನೆಗಳೇ ಬೇರೆಯಾಗಿದ್ದರೆ? ಇನ್ನೊಬ್ಬರ ಜೀವವನ್ನು ಆ ಲೆಕ್ಕಕ್ಕೆ ಬಿಡೋಕಾಗಲ್ಲ ಅಲ್ವಾ. ಜನರೇಟರ್ ಇರುವ ಮನೆಯಲ್ಲಿ ಚೇಂಜ್‌ಓವರ್ ಸ್ವಿಚ್ ಇರಲೇಬೇಕು. ಅದರ ಹಿಡಿ ಒಂದೋ ಲೈನ್ ಕಡೆ, ಇಲ್ಲಾ ಜನರೇಟರ್ ಕಡೆ. ಎರಡೂ ಒಟ್ಟಿಗೆ ಸೇರೋಕೆ ದಾರಿಯೇ ಇರಲ್ಲ.