ಗೇಟ್ ಮುರಿದ ವಾರದ ಡೈರಿ

ನಮ್ಮ ಕಡೆ ಡೈರಿಯನ್ನು ಯಾರೂ ದುಡ್ಡು ಕೊಟ್ಟು ತರುವುದಿಲ್ಲ. ಜನವರಿ ಬಂತೆಂದರೆ ಗೊಬ್ಬರದ ಅಂಗಡಿಯವರು ಒಂದು, ರೈಸ್ ಮಿಲ್ಲಿನವರು ಒಂದು, ದಲಾಲಿ ಅಂಗಡಿಯವರು ಒಂದು ಕೊಡುತ್ತಾರೆ. ಕಾರಟಗಿ ಸುತ್ತಮುತ್ತ ಭತ್ತ ಬೆಳೆಯುವ ಯಾರ ಮನೆಗೆ ಹೋದರೂ ಟಿವಿ ಪಕ್ಕ ಇಂಥವು ಎರಡು ಮೂರು ಬಿದ್ದಿರುತ್ತವೆ. ಒಂದರಲ್ಲಿ ಹಾಲಿನ ಲೆಕ್ಕ, ಇನ್ನೊಂದರಲ್ಲಿ ಮಕ್ಕಳು ಗೀಚಿದ ಚಿತ್ರ.

ನಮ್ಮ ಮಾವನವರು ಮಾತ್ರ ಒಂದರಲ್ಲಿ ಹೊಲದ ಲೆಕ್ಕವನ್ನು ತಪ್ಪದೆ ಬರೆಯುತ್ತಿದ್ದರು. ಯೂರಿಯಾ ಎಷ್ಟು ಚೀಲ, ನಾಟಿಗೆ ಎಷ್ಟು ಆಳು, ಟ್ರ್ಯಾಕ್ಟರಿನವನಿಗೆ ಎಷ್ಟು ಬಾಕಿ. ಕಣ್ಣು ಮಂಜಾದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ಅವರು ಹೇಳೋದು, ನಾನು ಬರೆಯೋದು. ಲೆಕ್ಕ ಎರಡು ಸಾಲಿಗೆ ಮುಗಿದುಬಿಡುತ್ತಿತ್ತು. ಕೆಳಗೆ ಮುಕ್ಕಾಲು ಪುಟ ಖಾಲಿ. ಸುಮ್ನೆ ಯಾಕೆ ಖಾಲಿ ಬಿಡೋದು ಅಂತ ನನ್ನದನ್ನೂ ಬರೆಯತೊಡಗಿದೆ. ಮನಸ್ಸಿನ ಆಳ, ಜೀವನದ ಅರ್ಥ ಅಂತೆಲ್ಲ ಏನೂ ಇಲ್ಲ. ಯಾರು ಬಂದರು, ಏನು ಅಂದರು, ನನಗೆ ಹೇಗನಿಸಿತು, ನಾಳೆ ಏನು ಮಾಡಬೇಕು. ಅಷ್ಟೇ.

ಕಳೆದ ನವೆಂಬರಿನಲ್ಲಿ, ಅಂದರೆ 2025ರಲ್ಲಿ, ಒಂದು ಸಂಜೆ ಆ ಡೈರಿ ಇಡೀ ಮನೆಯ ಕೈಗೆ ಬಂತು. ಅವತ್ತೇ ಸುದ್ದಿ ಬಂದಿತ್ತು: ತುಂಗಭದ್ರಾ ಜಲಾಶಯದ ಗೇಟುಗಳನ್ನು ಬದಲಿಸಬೇಕು, ಹಾಗಾಗಿ ಎರಡನೇ ಬೆಳೆಗೆ ನೀರಿಲ್ಲ. ಹಳೇ ಗೇಟುಗಳ ಮೇಲೆ ಭಾರ ಬೀಳಬಾರದು ಅಂತ ಆ ವರ್ಷ 80 ಟಿಎಂಸಿಗಿಂತ ಜಾಸ್ತಿ ನೀರನ್ನೇ ನಿಲ್ಲಿಸಿರಲಿಲ್ಲ. ಜಲಾಶಯದ ಪೂರ್ತಿ ಲೆಕ್ಕ ಸುಮಾರು 105 ಟಿಎಂಸಿ. ಹೀಗಾಗಿ ಸುದ್ದಿ ಒಳಗೊಳಗೆ ಎಲ್ಲರಿಗೂ ಗೊತ್ತಿದ್ದದ್ದೇ. ಆದರೂ ಕಿವಿಗೆ ಬಿದ್ದಾಗ ಕೈಕಾಲು ಆಡಲಿಲ್ಲ.

ಮಾವನವರು ಕಟ್ಟೆ ಮೇಲೆ ಕೂತು, "ಇಂಥ ಕಷ್ಟ ನಾ ಎಂದೂ ಕಂಡಿಲ್ಲ ನೋಡವ್ವಾ" ಅಂದರು. ನನ್ನ ಮೈದುನ, "ಹೋದ ವರ್ಷ ಗೇಟು ಕೊಚ್ಕೊಂಡು ಹೋದಾಗ ಇದಕ್ಕಿಂತ ಜಾಸ್ತಿ ಹೆದರಿದ್ವಲ್ಲ ಅಪ್ಪಾ" ಅಂದ. ಮಾವನವರು ಒಪ್ಪಲೇ ಇಲ್ಲ. "ಯಾರು ಹೆದರಿದ್ರು? ನೀ ಹೆದರಿರಬೇಕು. ಒಂದು ವಾರದಾಗ ರಿಪೇರಿ ಆಕ್ಕೈತಿ ಅಂತ ನಾ ಅವಾಗ್ಲೇ ಹೇಳಿದ್ದೆ."

ನಾನು ಒಳಗೆ ಹೋಗಿ 2024ರ ಡೈರಿ ತಂದೆ.

ಆ ವರ್ಷ ನಾಗರ ಪಂಚಮಿ ಆಗಸ್ಟ್ 9ಕ್ಕೆ. ನಾದಿನಿ ಮಕ್ಕಳನ್ನು ಕರೆದುಕೊಂಡು ಬಂದಿದ್ದಳು. ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದು ಇನ್ನೂ ಹಾಗೇ ಇತ್ತು. ಮರುದಿನ ರಾತ್ರಿ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿ ನಿಂತ ಜಲಾಶಯ ಅದು. 11ನೇ ತಾರೀಖಿನ ಪುಟದಲ್ಲಿ ನಾನು ಬರೆದದ್ದನ್ನು ಹಾಗೇ ಓದಿದೆ:

"ಬೆಳಕು ಹರಿಯೋ ಮೊದಲೇ ಫೋನ್. ಗೇಟ್ ಹೋಗಿದೆಯಂತೆ. ಮಾವ ಚಹಾ ಕುಡಿಯಲಿಲ್ಲ, ಉಂಡಿ ಮುಟ್ಟಲಿಲ್ಲ. ಕಾಲುವೆ ತನಕ ಹೋಗಿ ಬಂದರು, ಮತ್ತೆ ಹೋದರು. ಕಾಲುವೆಯಲ್ಲಿ ನೀರು ಇದೆ. 60 ಟಿಎಂಸಿ ಹೊಳೆಗೆ ಬಿಟ್ಟರೆ ಮಾತ್ರ ಗೇಟ್ ಕೂರಿಸಲು ಆಗುತ್ತದಂತೆ. 'ಈ ಸಲ ನೆಲ್ಲು ಕೈಗೆ ಬರಂಗಿಲ್ಲ, ಹೊಲ ಲೀಜಿಗೆ ಕೊಟ್ಟು ಬಿಡೂಣು' ಅಂದರು ಮಾವ. ನನಗೆ ಕಿವಿಯ ಬೆಂಡೋಲೆ ನೆನಪಾಯಿತು. ಅದು ಈಗಾಗಲೇ ಒಮ್ಮೆ ಬ್ಯಾಂಕಿಗೆ ಹೋಗಿ ಬಂದಿದೆ."

ಓದಿ ಮುಗಿಸಿದಾಗ ಮೈದುನ ಬಿದ್ದು ಬಿದ್ದು ನಕ್ಕ. ಮಾವನವರು ಕನ್ನಡಕ ಹಾಕಿಕೊಂಡು ಡೈರಿಯನ್ನು ಕೈಗೆ ತೆಗೆದುಕೊಂಡರು. ಅಕ್ಷರ ಕಾಣಿಸಿತೋ ಇಲ್ಲವೋ, ತಾರೀಖನ್ನಂತೂ ಬೆರಳಿಟ್ಟು ನೋಡಿದರು. "ಲೀಜಿಗೆ ಅಂದಿದ್ನಾ ನಾನು?" ಅಂದರು.

ಅವರು ಸುಳ್ಳು ಹೇಳಿರಲಿಲ್ಲ ಅನ್ನೋದು ನನಗೆ ಗೊತ್ತು. ಒಂದು ವಾರದಲ್ಲೇ ಎಲ್ಲ ಸರಿಹೋದದ್ದು ನಿಜ. ಹರಿಯುವ ನೀರಿನಲ್ಲೇ ಗೇಟಿನ ಜಾಗಕ್ಕೆ ನೀರು ತಡೆಯುವ ತಾತ್ಕಾಲಿಕ ಉಕ್ಕಿನ ಹಲಗೆ, ಅಂದರೆ ಸ್ಟಾಪ್‌ಲಾಗ್ ಇಳಿಸಿ, 17ರ ಹೊತ್ತಿಗೆ ಐದು ತುಂಡುಗಳನ್ನೂ ಕೂರಿಸಿದ್ದರು. ಮುಂದೆ ಮಳೆಯೂ ಬಂದು ಜಲಾಶಯ ಮತ್ತೆ ತುಂಬಿಕೊಂಡಿತು. ಕೊನೆ ಗೊತ್ತಾದ ಮೇಲೆ ನೆನಪು ಹಿಂದಕ್ಕೆ ಹೋಗಿ ಎಲ್ಲವನ್ನೂ ತಿದ್ದಿಬಿಡುತ್ತದೆ. ಇದರ ಮೇಲೆ ಒಂದು ಹಳೇ ಅಧ್ಯಯನವೇ ಇದೆ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾ ಮತ್ತು ರಷ್ಯಾಕ್ಕೆ ಹೊರಟಾಗ ಬರೂಕ್ ಫಿಶ್‌ಹಾಫ್ ಮತ್ತು ರೂತ್ ಬೇತ್ ಎಂಬ ಇಬ್ಬರು ಸಂಶೋಧಕರು ಇಸ್ರೇಲಿನ ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದ್ದರು: ಅಲ್ಲಿ ಏನೇನು ಆಗಬಹುದು, ಆಗುವ ಸಂಭವ ಎಷ್ಟು? ಭೇಟಿ ಮುಗಿದ ಮೇಲೆ, ನೀವು ಆಗ ಎಷ್ಟು ಅಂದಿದ್ದಿರಿ ನೆನಪಿದೆಯಾ ಅಂತ ಮತ್ತೆ ಕೇಳಿದರು. ನಿಜವಾಗಿ ನಡೆದದ್ದರ ಬಗ್ಗೆ ಬಹಳ ಜನ ತಾವು ಮೊದಲು ಹೇಳಿದ್ದಕ್ಕಿಂತ ಜಾಸ್ತಿ ಹೇಳಿದ್ದೆವು ಅಂತಲೇ ನೆನಪಿಸಿಕೊಂಡರು. ಕಾಲೇಜು ಹುಡುಗರ ಕಥೆಯೇ ಹೀಗಿರುವಾಗ ನಮ್ಮ ಮಾವನವರನ್ನು ಏನಂತ ಅನ್ನೋದು?

ಆ ವಾರದ ಇನ್ನೊಂದು ಪುಟವನ್ನು ನಾನು ಜೋರಾಗಿ ಓದಲಿಲ್ಲ, ಒಬ್ಬಳೇ ಓದಿಕೊಂಡೆ. ಆಗಸ್ಟ್ 12ರ ರಾತ್ರಿ ನಿದ್ದೆ ಹತ್ತದೆ ಎದ್ದು ಬರೆದದ್ದು ಅದು. ಮೊದಲ ಅರ್ಧ ಪುಟ ಬರೀ ಗೋಳು. ಬರೆದಷ್ಟೂ ಎದೆ ಭಾರವಾಗಿದ್ದು ಅಕ್ಷರ ನೋಡಿದರೇ ತಿಳಿಯುತ್ತದೆ, ಪೆನ್ನು ಹಾಳೆಯನ್ನು ಒತ್ತಿ ಹರಿದಿದೆ. ಕೆಳಗೆ ಬೇರೆಯದೇ ದನಿ: ನಾಳೆ ಎಮ್ಮೆಗೆ ಇಂಜೆಕ್ಷನ್ ಮಾಡಿಸಬೇಕು, ಸೊಸೈಟಿಗೆ ಹೋಗಿ ಸಾಲದ ಕಂತು ಕೇಳಬೇಕು, ನಾದಿನಿಗೆ ಬಸ್ ಹತ್ತಿಸಬೇಕು. ಆಮೇಲೆ ಏನೂ ಬರೆದಿಲ್ಲ. ಮಲಗಿರಬೇಕು. ಬರೆದರೆ ಮನಸ್ಸು ಹಗುರಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಗೋಳು ಬರೆದಾಗ ನನಗೆ ಆ ಕ್ಷಣಕ್ಕಂತೂ ಹಗುರಾಗುವುದಿಲ್ಲ. ಕೆಲಸದ ಪಟ್ಟಿ ಬರೆದಾಗ ಆಗುತ್ತದೆ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಇಂಥದ್ದೇ ಕಂಡಿತ್ತು. ಮಲಗುವ ಮುಂಚೆ ಐದು ನಿಮಿಷ ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದವರಿಗೆ, ಮಾಡಿ ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಸರಾಸರಿ 9 ನಿಮಿಷ ಬೇಗ ನಿದ್ದೆ ಬಂತು. ಒಂಬತ್ತು ನಿಮಿಷ ಏನು ಮಹಾ ಅನಿಸಬಹುದು. ಮಗ್ಗುಲು ಬದಲಿಸುತ್ತ ಮಲಗಿದವರನ್ನು ಕೇಳಿ ನೋಡಿ.

ಆ ಸಂಜೆ ನಿಜಕ್ಕೂ ಕೆಲಸಕ್ಕೆ ಬಂದದ್ದು ಮಾತ್ರ ಅದೇ ಡೈರಿಯ ಮೊದಲ ಪುಟಗಳು. 2023ರಲ್ಲಿ ಮಳೆಯಿಲ್ಲದೆ ಬರ ಬಿದ್ದಿತ್ತಲ್ವಾ, ಆಗಲೂ ಎರಡನೇ ಬೆಳೆಗೆ ನೀರು ಬಂದಿರಲಿಲ್ಲ. 2024ರ ಜನವರಿಯಿಂದ ಮೇ ತನಕ ಹೊಲ ಬೀಳು. "ಅವಾಗ ಹೆಂಗ ಮಾಡಿದ್ವಿ?" ಅಂತ ನಮ್ಮ ಮನೆಯವರು ಕೇಳಿದರು. ಒಬ್ಬರಿಗೂ ಸರಿಯಾಗಿ ನೆನಪಿರಲಿಲ್ಲ. ಹೇಗೋ ದಾಟಿದೆವು ಅನ್ನೋದಷ್ಟೇ ನೆನಪು.

ಡೈರಿಯಲ್ಲಿ ಆ 'ಹೇಗೋ' ಪೂರ್ತಿ ಇತ್ತು. ಇವರು ಗಂಗಾವತಿಯಲ್ಲಿ ಬೇರೆಯವರ ಟ್ರ್ಯಾಕ್ಟರ್ ಓಡಿಸಲು ಹೋದದ್ದು. ನಾನು ಬ್ಲೌಸ್ ಹೊಲಿದದ್ದು, ಮದುವೆ ಸೀಸನ್ನಿನಲ್ಲಿ ಅದರದ್ದೇ ದುಡ್ಡು ದಿನಸಿಗೆ ಸಾಕಾದದ್ದು. ಮಗಳ ಸ್ಕೂಲ್ ಫೀಯನ್ನು ಎರಡು ಕಂತು ಮಾಡಿಸಿಕೊಂಡದ್ದು. ಮಾರ್ಚಿನಲ್ಲಿ ಹೊಟ್ಟು ಸಿಗದೆ ಒಂದು ಎಮ್ಮೆ ಮಾರಿದ್ದು, ಅದರ ಕೆಳಗೇ ನಾನು ಬರೆದ ಸಾಲು: "ಡಿಸೆಂಬರಿನಲ್ಲೇ ಹುಲ್ಲು ಕೂಡಿಟ್ಟಿದ್ದರೆ ಮಾರುವ ಪಾಳಿ ಬರುತ್ತಿರಲಿಲ್ಲ."

ಮೈದುನ ಆ ಸಾಲನ್ನು ಎರಡು ಸಲ ಓದಿಸಿದ. ನಮ್ಮ ಭತ್ತದ ಕಟಾವು ಇನ್ನೂ ನಡೆಯುತ್ತಿತ್ತು, ಮಷಿನ್ನಿಗೆ ಪಾಳಿ ಹಚ್ಚಿದ್ದೆವು. ಮರುದಿನವೇ ಅವನು ಹೋಗಿ ಪಕ್ಕದ ಹೊಲದವರ ಹುಲ್ಲಿಗೂ ಮಾತಾಡಿ ಬಂದ. ಈ ಸಲ ಎಮ್ಮೆ ಉಳಿದಿದೆ. ನೀರು ಬರಲಿಲ್ಲ, ಅದಕ್ಕೆ ಡೈರಿ ಏನು ಮಾಡೀತು?

ರಾತ್ರಿ ಊಟ ಆದ ಮೇಲೆ 2025ರ ಡೈರಿ ತೆಗೆದು ಕೂತೆ. ಮಾವನವರು ಎಂದಿನಂತೆ ಲೆಕ್ಕ ಹೇಳಿದರು, ಎರಡು ಸಾಲಿಗೆ ಮುಗಿಯಿತು. ಆದರೂ ಎದ್ದು ಹೋಗಲಿಲ್ಲ.

"ಕೆಳಗ ಏನ್ ಬರೀತಿ ಈಗ?"

"ಏನ್ ಬರೀಲಿ ಮಾವಾರ?"

"ನಾ ಹೆದರೀನಿ ಅಂತ ಬರಿ. ಮುಂದಿನ ವರ್ಷ 'ನಾ ಹೆದರಿಲ್ಲ' ಅಂದ್ರ ತಂದು ತೋರ್ಸು."

ಬರೆದೆ. ಮೈದುನನ ಹೆಸರನ್ನೂ ಸೇರಿಸು ಅಂದರು, ಅವನು ತಮಗಿಂತ ಜಾಸ್ತಿ ಹೆದರಿದ್ದಾನಂತೆ.